ಕೊನೆ ಸಾಲಿನ ಬೂದಿ

ಅಪ್ಪನಿಗೆ ವಾಸನೆ ತಿಳಿಯದೆ ಹನ್ನೊಂದು ವರ್ಷವಾಗಿತ್ತು. ಅದನ್ನು ಅವರು ಕಾಯಿಲೆ ಎಂದು ಎಣಿಸಿರಲಿಲ್ಲ. ವಿದ್ಯುತ್ ಸ್ಥಾವರದ ಬೂದಿ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವರಿಗೆ ಮೂಗು ಸಾಯುವುದು ತಲೆ ನರೆಯುವಷ್ಟೇ ಸಾಮಾನ್ಯ. ಹಾಲು ಸೀದು ಮನೆಯೆಲ್ಲ ಹೊಗೆಯಾದರೂ ಅವರು ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ಮನೆಯಲ್ಲಿ ಮೂಗಿರುವ ಗಂಡಸೊಬ್ಬರಿದ್ದರೆ ಇಷ್ಟು ಹಾಲು ಹಾಳಾಗುತ್ತಿರಲಿಲ್ಲ ಎಂದು ಅಮ್ಮ ಗೊಣಗುವಳು. ಮೂಗಿದ್ದಿದ್ದರೆ ನಿನ್ನ ಅಡುಗೆ ಉಣ್ಣುತ್ತಿದ್ದೆನಾ ಎಂದು ಅಪ್ಪ ಕೇಳುವರು.

ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ಏಳುವ ಹೊಗೆ ಚಿಮಣಿಗೆ ಸೇರುವ ಮೊದಲು ದೂಳು ಹಿಡಿಯುವ ದೊಡ್ಡ ಪೆಟ್ಟಿಗೆಗಳನ್ನು ಹಾಯುತ್ತದೆ. ಅಲ್ಲಿ ಸಿಕ್ಕ ಬೂದಿ ಕೆಳಗಿನ ಹಾಪರುಗಳಿಗೆ ಇಳಿಯುತ್ತದೆ. ಹಾಪರೆಂದರೆ ತಲೆಕೆಳಗಾಗಿ ನೇತು ಹಾಕಿದ ಕಬ್ಬಿಣದ ಗೋಪುರ. ಒಂದೊಂದೂ ಒಂದು ಮನೆಯಷ್ಟು. ಅಂಥವು ಆರು ಸಾಲು. ಮೊದಲ ಸಾಲಿನ ಬೂದಿ ಮರಳಿನಂತೆ ಒರಟು, ಕೊನೆ ಸಾಲಿನದು ಮುಖಕ್ಕೆ ಹಚ್ಚುವ ಪೌಡರಿಗಿಂತ ನಯ. ಹಾಪರು ಕಟ್ಟಿಕೊಂಡರೆ ಕೆಳಗೆ ನಿಂತು ಸಲಾಕೆಯಿಂದ ತಿವಿದು ಬೂದಿ ಬೀಳಿಸಬೇಕು. ಅದು ಅಪ್ಪನ ಕೆಲಸ. ಬೂದಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ, ನಾಲಿಗೆಗೆ ಒಂಚೂರು ಸೋಕಿಸಿ, ಅದು ಎಷ್ಟನೇ ಸಾಲಿನದೆಂದು ಹೇಳುತ್ತಿದ್ದರು. ತಪ್ಪುತ್ತಿರಲಿಲ್ಲ. ಅಲ್ಲಿ ಎಲ್ಲರೂ ಅವರನ್ನು ಬೂದಿ ಮೇಷ್ಟ್ರು ಎನ್ನುತ್ತಿದ್ದರು.

ಅವರ ಮಗಳಾದ ನಾನು ಕೆಲಸ ಮಾಡುವುದು ಅದೇ ಬೂದಿಯಿಂದ ಶಾಖ ತಡೆಯುವ ಹಲಗೆ ಮಾಡುವ ಸಣ್ಣ ಕಾರ್ಖಾನೆಯಲ್ಲಿ. ಸ್ಥಾವರದ ಹಿಂದೆ ಬೂದಿ ಸುರಿದು ಸುರಿದು ಒಂದು ಗುಡ್ಡವಾಗಿದೆ. ಗಾಳಿ ಎದ್ದರೆ ಒಣಗಲು ಹಾಕಿದ ಬಟ್ಟೆ ಮತ್ತೆ ಒಗೆಯಬೇಕು. ಆ ಗುಡ್ಡಕ್ಕೆ ಹೋಗಬೇಕಾದ ಬೂದಿಯಲ್ಲಿ ಸ್ವಲ್ಪ ನಮ್ಮಲ್ಲಿಗೆ ಬರುತ್ತದೆ. ಬೂದಿಗೆ ಕಾಸ್ಟಿಕ್ ಸೋಡಾ, ಅಂಟಂಟಾದ ಸಿಲಿಕೇಟ್ ದ್ರಾವಣ ಸೇರಿಸಿ ಕಲಸುತ್ತೇವೆ. ಕೊನೆಗೆ ಪೆರಾಕ್ಸೈಡ್ ಬಿದ್ದರೆ ಹಿಟ್ಟು ಉಬ್ಬಿದಂತೆ ಉಬ್ಬುತ್ತದೆ; ಗಟ್ಟಿಯಾದ ಮೇಲೆ ಒಳಗೆಲ್ಲ ಸಣ್ಣ ಸಣ್ಣ ಗಾಳಿಯ ಗುಳ್ಳೆ. ಹಲಗೆಯ ಒಂದು ಮಗ್ಗುಲಿಗೆ ಬೆಂಕಿ ತೋರಿಸಿದರೂ ಇನ್ನೊಂದು ಮಗ್ಗುಲಿಗೆ ಅಂಗೈ ಇಡಬಹುದು. ಬಾಯ್ಲರುಗಳ ಸುತ್ತ, ಶೀತಲ ಗೋದಾಮುಗಳ ಗೋಡೆಗೆ, ತಗಡಿನ ಮಾಡಿನ ಕೆಳಗೆ ಇವನ್ನು ಕೂರಿಸುತ್ತಾರೆ. ಕಲಸುವ ಡ್ರಮ್ಮು ನನ್ನದು.

ಬೂದಿ ಆರಿಸಿಕೊಡುವುದು ಮಾತ್ರ ಅಪ್ಪನದೇ. ನಿವೃತ್ತಿಯಾದ ಮೇಲೂ ಪ್ರತಿ ಲಾರಿಯ ಬೂದಿ ಅವರ ಬೆರಳು ದಾಟಿಯೇ ಒಳಗೆ ಬರಬೇಕು. ಅವರು ಹಾಸಿಗೆ ಹಿಡಿದ ಮೇಲೆ ನಾನು ಕಾಗದದ ಪೊಟ್ಟಣದಲ್ಲಿ ಒಂದು ಚಿಟಿಕೆ ಮನೆಗೆ ತರುತ್ತಿದ್ದೆ. ಕಾರ್ಖಾನೆಯಲ್ಲಿ ಓದಿದ ಕೆಮಿಸ್ಟ್ ಹುಡುಗಿ ಒಬ್ಬಳಿದ್ದಳು, ಪರೀಕ್ಷೆ ಮಾಡುವ ಗಾಜಿನ ಸಾಮಾನುಗಳೂ ಇದ್ದವು. ಆದರೆ ಅವಳ ಪರೀಕ್ಷೆಗೆ ಅರ್ಧ ದಿನ ಬೇಕು, ಅಪ್ಪನಿಗೆ ಅರ್ಧ ನಿಮಿಷ. ಲಾರಿ ನಿಲ್ಲಿಸಿಕೊಂಡು ಅರ್ಧ ದಿನ ಕಾಯುವವರು ಯಾರು?

ಆ ಬೇಸಿಗೆಗೆ ಅಪ್ಪನ ಶ್ವಾಸಕೋಶ ಪೂರ್ತಿ ಕೈಕೊಟ್ಟಿತ್ತು. ಆಮ್ಲಜನಕದ ಯಂತ್ರ ಮನೆಗೆ ಬಂತು, ಮೂಗಿಗೆ ನಳಿಕೆ. ಪಾಯಿಖಾನೆಗೆ ಹೋಗಿಬರುವಷ್ಟರಲ್ಲಿ ತುಟಿ ನೀಲಿಯಾಗುತ್ತಿದ್ದರಿಂದ ಮಂಚದ ಕೆಳಗೆ ಮೂತ್ರದ ಬಾಟಲಿ ಬಂತು. ಅದಕ್ಕೆ ಅವರು ಒಪ್ಪಲು ಒಂದು ವಾರ ಹಿಡಿಯಿತು. ಒಪ್ಪಿದ ಮೇಲೂ, ಬಳಸಿದ ಬಾಟಲಿಯ ಮೇಲೆ ಪೇಪರ್ ಮುಚ್ಚಿ ಇಡುತ್ತಿದ್ದರು. ನಮ್ಮದು ಎರಡೇ ಕೋಣೆಯ ಮನೆ. ಒಳಕೋಣೆಗೆ ತಗಡಿನ ಮಾಡು, ಅದರ ಕೆಳಗೆ ಹಲಗೆಯ ಅಟ್ಟ. ಮಧ್ಯಾಹ್ನ ಆ ಕೋಣೆ ಬಾಣಲೆಯಂತೆ ಕಾಯುತ್ತಿತ್ತು. ಯಂತ್ರ ಬೇರೆ ತನ್ನ ಬಿಸಿ ಸೇರಿಸುತ್ತಿತ್ತು. ಡಾಕ್ಟರು ಸುತ್ತಿಬಳಸಿ ಮಾತಾಡುವವರಲ್ಲ. ಈ ಶಾಖದಲ್ಲಿ ಉಸಿರಾಡುವುದೇ ಇವರಿಗೆ ಕೂಲಿ ಕೆಲಸ, ಕೋಣೆ ತಂಪು ಮಾಡಿದರೆ ಇನ್ನೊಂದು ವರ್ಷ ನೋಡಬಹುದು, ಇಲ್ಲದಿದ್ದರೆ ಈ ಬೇಸಿಗೆ ದಾಟುವುದು ಕಷ್ಟ ಎಂದರು. ನೀರಿನ ಕೂಲರ್ ತಂದು ನೋಡಿದೆವು. ಅದರ ತೇವದ ಗಾಳಿಗೆ ಕೆಮ್ಮು ಹೆಚ್ಚಾಯಿತು. ವಾಪಸು ಕೊಟ್ಟೆವು.

ಹೀಗಿರುವಾಗ ಅಟ್ಟಕ್ಕೂ ತಗಡಿಗೂ ನಡುವಿನ ಸಂದಿಯನ್ನು ನಮ್ಮದೇ ಬೂದಿಯ ನೊರೆಯಿಂದ ತುಂಬುವ ಯೋಚನೆ ನನಗೆ ಬಂತು. ಹಲಗೆ ಮಾಡಿ ತಂದು ಕೂರಿಸಿದರೆ ತಗಡಿನ ಏರಿಳಿತಕ್ಕೆ ಕೂರುವುದಿಲ್ಲ. ಅಲ್ಲೇ ಸುರಿದು ಅಲ್ಲೇ ಉಬ್ಬಿಸಿದರೆ ಮೂಲೆಮೂಲೆಗೂ ಹೋಗುತ್ತದೆ. ಕಾರ್ಖಾನೆಯ ಯಜಮಾನರು ಬೇಡವೆನ್ನಲಿಲ್ಲ. ಮೂರು ಲಾರಿಗಳಿಂದ ಮೂರು ಪೊಟ್ಟಣ ತಂದು ಅಪ್ಪನ ಮುಂದೆ ಬಿಚ್ಚಿದೆ.

ಮೊದಲಿನ ಎರಡನ್ನು ಅವರು ಮುಟ್ಟಿ ಬಿಟ್ಟರು. ಮೂರನೆಯದನ್ನು ಉಜ್ಜುತ್ತ ಬಹಳ ಹೊತ್ತು ಕೂತರು.

"ಕೊನೆ ಸಾಲು," ಎಂದರು. "ಹೊಸ ಚಿಮಣಿದು. ಇಂಥದ್ದು ಕೈಗೆ ಬಂದು ಎಷ್ಟೋ ವರ್ಷ ಆಯ್ತು ಮಗಾ." ನಾಲಿಗೆಗೆ ಸೋಕಿಸಿದರು. "ಒಂಚೂರು ಉಪ್ಪುಪ್ಪು."

ಹಾಗಾದರೆ ಉಳಿದದ್ದನ್ನು ಅಡುಗೆಗೆ ಕೊಡಿ ಎಂದಳು ಅಮ್ಮ. ಅಪ್ಪ ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೆ ಅಮ್ಮ ಬೆನ್ನು ನೀವಿದಳು. ಉಪ್ಪು ಯಾಕೆ ಎಂದು ಯಾರೂ ಕೇಳಲಿಲ್ಲ.

ಸುರಿಯುವ ದಿನ ಸಹಾಯಕ್ಕೆ ಬಂದವರು ಅಪ್ಪನ ಹಳೆಯ ಜೊತೆಗಾರ. ಉದ್ದಕ್ಕೆ, ತೆಳ್ಳಗೆ ಇದ್ದ ಅವರನ್ನು ಸ್ಥಾವರದಲ್ಲಿ ಸಲಾಕೆ ಎಂದೇ ಕರೆಯುತ್ತಿದ್ದರು. ನನಗೆ ಸಲಾಕೆ ಮಾಮ. ಅವರ ಎದೆಯೂ ಅಷ್ಟಕ್ಕಷ್ಟೇ, ಆದರೂ ಏಣಿ ಹತ್ತಿದರು. ಎರಡು ತಗಡು ಬಿಚ್ಚಿದರು. ನಾನು ಅಂಗಳದಲ್ಲಿ ಕಲಸಿದ್ದನ್ನು ಬಕೆಟ್ಟಿಗೆ ಹಗ್ಗ ಕಟ್ಟಿ ಮೇಲೆಳೆದುಕೊಂಡು ಸುರಿದರು. ಅಪ್ಪ ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಮೂಗಿನಲ್ಲಿ ನಳಿಕೆಯಿಟ್ಟುಕೊಂಡೇ ಹುಕುಂ ಕೊಡುತ್ತಿದ್ದರು. ನೊರೆ ಹಲಗೆಯ ಮೇಲೆ ಗೇಣುದ್ದ ಎದ್ದು ನಿಂತಿತು. ಅದು ಬೇಗ ಒಣಗಿದರೆ ಬಿರಿಯುತ್ತದೆ. ಆದ್ದರಿಂದ ಮೇಲೆ ಪ್ಲಾಸ್ಟಿಕ್ ಹಾಸಿ, ಅಂಚೆಲ್ಲ ಒತ್ತಿ ಮುಚ್ಚಿ, ತಗಡು ಕೂರಿಸಿ ಸ್ಕ್ರೂ ಬಿಗಿದೆವು. ಕೆಳಗಿನಿಂದಲೂ ಗಾಳಿಯಾಡಬಾರದೆಂದು ಒಳಕೋಣೆಯ ಕಿಟಕಿ ಹಾಕಿಸಿದೆ. ಮೂರು ದಿನ ತೆಗೆಯಬೇಡ ಎಂದು ಅಮ್ಮನಿಗೆ ನಾನೇ ಹೇಳಿದೆ.

ಕೆಳಗಿಳಿದ ಸಲಾಕೆ ಮಾಮ ಕಣ್ಣು ಒರೆಸಿಕೊಳ್ಳುತ್ತ, ನಿಮ್ಮ ಅಟ್ಟವನ್ನು ಬೆಕ್ಕುಗಳು ಪಾಯಿಖಾನೆ ಮಾಡಿಕೊಂಡಿವೆ, ಮೂಗು ಬಿಡುವ ಹಾಗಿಲ್ಲ ಎಂದರು. ನನಗೇನೂ ಅನ್ನಿಸಲಿಲ್ಲ. ಕಲಸುವಾಗ ಮೂಗಿಗೆ ಒದ್ದೆಬಟ್ಟೆ ಕಟ್ಟಿಕೊಳ್ಳುವುದು ನನ್ನ ರೂಢಿ. ಬಿಚ್ಚಿದ ಮೇಲೂ ಒಂದು ಗಂಟೆ ಮೂಗು ಮಂದ.

ಆ ರಾತ್ರಿ ಅಪ್ಪ ಮುಂದಿನ ಕೋಣೆಯಲ್ಲಿ ಮಲಗಿದರು. ಮರುದಿನ ಮಧ್ಯಾಹ್ನ ಊಟಕ್ಕೆ ಬಂದವಳು ಉಷ್ಣಮಾಪಕ ಹಿಡಿದು ನೋಡಿದೆ. ಮುಂದಿನ ಕೋಣೆ ನಲವತ್ತೊಂದು, ಒಳಗೆ ಮೂವತ್ತಮೂರು. ನಂಬಿಕೆಯಾಗದೆ ಇನ್ನೊಮ್ಮೆ ನೋಡಿದೆ. ಮೂವತ್ತಮೂರೇ. ಇನ್ನು ಕಾಯುವುದೇಕೆ ಎಂದು ಅಪ್ಪನನ್ನು ಒಳಗೆ ಕರೆದುಕೊಂಡು ಹೋಗಿ ಮಲಗಿಸಿದವಳೂ ನಾನೇ. ಅವರು ತಲೆಯೆತ್ತಿ ಅಟ್ಟ ನೋಡಿದರು.

"ಮೂವತ್ತು ವರ್ಷ ನಾನು ಕೆಳಗೆ ಬೀಳಿಸಿದ್ದನ್ನ ನೀನು ಮೇಲೆ ಹತ್ತಿಸಿದೆಯಲ್ಲ," ಎಂದರು.

ಎಚ್ಚರಾಗದೆ ಮೂರು ಗಂಟೆ ನಿದ್ದೆ ಮಾಡಿದರು. ಹಾಗೆ ನಿದ್ದೆ ಮಾಡಿ ತಿಂಗಳಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತು ಎರಡು ಸಲ ಎದೆ ಏರಿಳಿಯುತ್ತಿದೆಯೇ ಎಂದು ನೋಡಿ ಹೋದಳಂತೆ.

ಸಂಜೆ ನಾನು ಬಂದಾಗ ಅಮ್ಮ ಹೊದಿಕೆ ಒಗೆಯುತ್ತಿದ್ದಳು. ದನಿ ತಗ್ಗಿಸಿ, ನಿಮ್ಮಪ್ಪ ಹಾಸಿಗೆಯಲ್ಲೇ ಮಾಡಿಕೊಂಡಿದ್ದಾರೆ ಎಂದಳು. ಒಳಗೆ ಹೋದೆ. ಹೌದು, ಮೂತ್ರದ ವಾಸನೆ. ಘಾಟಲ್ಲ, ಆದರೆ ಬೇರೇನೋ ಇರಬಹುದು ಎನ್ನಲಾಗದ ಹಾಗೆ. ಹಾಸಿಗೆ ಮುಟ್ಟಿ ನೋಡಿದೆ, ಒಣಗಿತ್ತು. ಆರಿಹೋಗಿದೆ ಎಂದಳು ಅಮ್ಮ. ಈ ಬೇಸಿಗೆಗೆ ಆರದೆ ಇರುತ್ತದೆಯೇ?

ಬೆಳಿಗ್ಗೆ ಮತ್ತೆ ಅದೇ ವಾಸನೆ. ಅಮ್ಮ ಹೊಸ ಹೊದಿಕೆ ಹಾಸಿದಳು, ಬಾಟಲಿ ತೊಳೆದಳು, ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದಳು. ಮಧ್ಯಾಹ್ನಕ್ಕೆ ಮತ್ತೆ ಬಂತು. ಆಗ ಅವಳ ತಾಳ್ಮೆ ಹರಿಯಿತು.

"ಕರೀಬಾರದಾ ರೀ? ನಾನೇನು ಸತ್ತುಹೋಗಿದ್ನಾ?"

"ನಾನಲ್ಲ ಕಣೇ."

"ನೀವಲ್ಲದೆ ಮತ್ತೆ ನಾನಾ?"

ಅಪ್ಪ ಹೊದಿಕೆ ತಾವೇ ಸರಿಸಿ, ಅಂಗೈಯಿಂದ ಹಾಸಿಗೆ ಸವರಿ ತೋರಿಸಿದರು. ಒಣಗಿತ್ತು. ಒಣಗಿದ್ದರಿಂದ ಏನೂ ಸಾಬೀತಾಗಲಿಲ್ಲ. ಮುಂಚೆ ಮಾಡಿಕೊಂಡದ್ದು ಹಾಸಿಗೆಯ ಹತ್ತಿಗೆ ಇಳಿದಿರಬೇಕೆಂದು ಅಮ್ಮ ತೀರ್ಮಾನಿಸಿದಳು; ನಾವಿಬ್ಬರೂ ಸೇರಿ ಹಾಸಿಗೆಯನ್ನು ಬಿಸಿಲಿಗೆ ಹಾಕಿದೆವು. ಅಷ್ಟು ಹೊತ್ತೂ ಅಪ್ಪ ಕುರ್ಚಿಯಲ್ಲಿ ಕೂತು ನೆಲ ನೋಡುತ್ತಿದ್ದರು. ಬೀದಿಯಲ್ಲಿ ಹೋಗುವವರಿಗೆ ಹಾಸಿಗೆ ಕಾಣುತ್ತಿತ್ತು.

ಅಮ್ಮ ಬೈದಳು. ನಾನು ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದೆ. ಪಕ್ಕದಲ್ಲಿ ಕೂತು ಮೆಲ್ಲಗೆ, ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದೆ:

"ಅಪ್ಪಾ, ಹೇಳಿಬಿಟ್ರೆ ತಪ್ಪೇನಿಲ್ಲ. ವಯಸ್ಸಾದ ಮೇಲೆ ಎಲ್ಲರಿಗೂ ಆಗುತ್ತೆ."

ಅವರು ನನ್ನನ್ನು ನೋಡಿದರು. ಕಣ್ಣು ಕೆಂಪಾಗಿತ್ತು, ನೀರು ಸುರಿಯುತ್ತಿತ್ತು. ಅವಮಾನಕ್ಕೆ ಅಳುತ್ತಿದ್ದಾರೆ ಎಂದುಕೊಂಡೆ. ಆ ದಿನಗಳಲ್ಲಿ ಅಮ್ಮನ ಕಣ್ಣೂ ಉರಿಯುತ್ತಿತ್ತು. ಅದಕ್ಕೆ ಅವಳು ಫಿನಾಯಿಲ್ ಕಾರಣ ಎಂದುಕೊಂಡಿದ್ದಳು. ಮನೆಯಲ್ಲಿ ಇಷ್ಟೆಲ್ಲ ನಡೆಯುತ್ತಿದ್ದರೂ ಪ್ರತಿಯೊಂದಕ್ಕೂ ನಮ್ಮ ಹತ್ತಿರ ಒಂದು ಕಾರಣ ಸಿದ್ಧವಾಗಿತ್ತು.

ಸಂಜೆ ಔಷಧದ ಅಂಗಡಿಯಿಂದ ರಬ್ಬರ್ ಹಾಳೆಯನ್ನೂ, ದೊಡ್ಡವರು ಕಟ್ಟಿಕೊಳ್ಳುವ ಡೈಪರಿನ ಒಂದು ಕಟ್ಟನ್ನೂ ತಂದೆ. ಅಮ್ಮ ಕಟ್ಟುವಾಗ ನಾನು ಹೊರಗೆ ನಿಂತಿದ್ದೆ.

ಅಂದಿನಿಂದ ಅಪ್ಪ ನೀರು ಕುಡಿಯುವುದನ್ನು ಬಿಟ್ಟರು. ಬಾಯಾರಿಕೆಯಿಲ್ಲ ಎನ್ನುತ್ತಿದ್ದರು. ಮಾತ್ರೆ ನುಂಗಲು ಒಂದು ಗುಟುಕು, ಅಷ್ಟೇ. ಕಫ ಗಟ್ಟಿಯಾಗಿ ಅಂಟಿಕೊಂಡಿತು. ಕೆಮ್ಮಿದರೆ ಏನೂ ಬರುತ್ತಿರಲಿಲ್ಲ, ಬರೀ ಸದ್ದು. ಮೂರು ದಿನ ಮುಗಿದರೂ ಹೊರಗಿನ ಬಿಸಿಗಾಳಿ ಬರದಿರಲಿ ಎಂದು ನಾವು ಕಿಟಕಿ ತೆಗೆಯಲಿಲ್ಲ. ಕೋಣೆ ನಿಜವಾಗಿಯೂ ತಂಪಾಗಿತ್ತು.

ಐದನೆಯ ದಿನ ಅಮ್ಮ ಬೆಳಿಗ್ಗೆ ಬಾಗಿಲು ತೆಗೆದವಳೇ ಸೆರಗನ್ನು ಮೂಗಿಗೆ ಹಿಡಿದಳು. ಈ ಸಲ ಬೈಯಲಿಲ್ಲ. ಅಪ್ಪನೇ ಶುರುಮಾಡಿದರು. ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದರು.

"ನನಗೆ ಮೂಗಿಲ್ಲ. ಇಬ್ಬರೂ ಹೇಳ್ತೀರಿ ಅಂದ್ರೆ ನಾನೇ ಇರಬೇಕು. ನನಗೆ ಗೊತ್ತಾಗ್ತಿಲ್ಲ ಅಷ್ಟೇ." ಮತ್ತೆ ಉಸಿರು ಎಳೆದುಕೊಂಡು, "ಬೈಬೇಡ," ಎಂದರು.

ಅಮ್ಮ, ಹೋಗಲಿ ಬಿಡಿ ಎಂದಳು. ಅವರು ಒಪ್ಪಿಕೊಂಡದ್ದಕ್ಕೆ ನಮ್ಮಿಬ್ಬರಿಗೂ ಒಂದು ಬಗೆಯ ನಿರಾಳವಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಹಾಗೇ ಆಯಿತು.

ಆರನೆಯ ದಿನ ಬೆಳಿಗ್ಗೆ ಅವರ ಉಗುರು ನೀಲಿಗಟ್ಟಿತು. ಆಸ್ಪತ್ರೆಗೆ ಒಯ್ದೆವು. ನರ್ಸು ಬಟ್ಟೆ ಬದಲಿಸುವಾಗ ಡೈಪರ್ ತೆಗೆದು ನೋಡಿ, ಪೂರ್ತಿ ಒಣಗಿದೆಯಲ್ಲ, ಎಷ್ಟು ಹೊತ್ತಿನಿಂದ ಮೂತ್ರ ಹೋಗಿಲ್ಲ ಎಂದು ಕೇಳಿದಳು. ಹನ್ನೊಂದು ಗಂಟೆಗೆ ಅಪ್ಪ ತೀರಿಕೊಂಡರು. ಡಾಕ್ಟರು, ಇಂಥ ಶ್ವಾಸಕೋಶ ಇಷ್ಟು ದಿನ ನಡೆದದ್ದೇ ಹೆಚ್ಚು, ಇದು ಯಾವತ್ತಾದರೂ ಆಗುವಂಥದ್ದು ಎಂದರು. ನಾವೂ ಹಾಗೇ ಅಂದುಕೊಂಡು ಎಲ್ಲ ಮುಗಿಸಿ ಮನೆಗೆ ಬಂದೆವು.

ಮಾತಾಡಿಸಲು ಜನ ಬರತೊಡಗಿದರು. ಕೊನೆಗೆ ಹೇಗಿದ್ದರು ಎಂದು ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಅಮ್ಮ ಎಲ್ಲರಿಗೂ ಅದನ್ನೇ ಹೇಳುತ್ತಿದ್ದಳು: ಕೊನೆಕೊನೆಗೆ ಹಿಡಿತ ಹೋಗಿತ್ತು, ಹಾಸಿಗೆಯಲ್ಲೇ ಮಾಡಿಕೊಳ್ಳುತ್ತಿದ್ದರು, ಕೇಳಿದರೆ ನಾನಲ್ಲ ಎನ್ನುತ್ತಿದ್ದರು, ನಾನು ಪಾಪಿ ಬೈದುಬಿಟ್ಟೆ. ಹೇಳಿ ಅಳುತ್ತಿದ್ದಳು. ಬಂದವರು, ಹೋಗಲಿ, ಇನ್ನೂ ನರಳದೆ ಹೋದರಲ್ಲ ಎನ್ನುತ್ತಿದ್ದರು. ಮೂತ್ರದ ಬಾಟಲಿಗೆ ಪೇಪರ್ ಮುಚ್ಚಿಡುತ್ತಿದ್ದ ಮನುಷ್ಯನ ಬಗ್ಗೆ ಬೀದಿಗೆಲ್ಲ ಗೊತ್ತಾದದ್ದು ಇಷ್ಟು.

ಅಪ್ಪ ಹೋದ ಹತ್ತನೆಯ ದಿನ ಕೆಲಸಕ್ಕೆ ಹೋದೆ. ಆ ಕೊನೆ ಸಾಲಿನ ಬೂದಿಯ ಚೀಲಗಳನ್ನು ಒಳ್ಳೆಯ ಹಲಗೆಗೆಂದು ಬೇರೆ ಇಟ್ಟಿದ್ದರು. ಒಂದು ಚೀಲ ಬಿಚ್ಚಿ ಡ್ರಮ್ಮಿಗೆ ಹಾಕಿ ಕಾಸ್ಟಿಕ್ ಸುರಿದೆ. ಅತ್ತ ಹೋಗುತ್ತಿದ್ದ ಕೆಮಿಸ್ಟ್ ಹುಡುಗಿ ಮೂಗು ಮುಚ್ಚಿಕೊಂಡು ನಿಂತಳು.

"ಅಕ್ಕಾ, ಯಾರೋ ಡ್ರಮ್ಮಿಗೇ ಉಚ್ಚೆ ಹೊಯ್ದು ಹೋಗಿದ್ದಾರೆ ನೋಡಿ," ಎಂದು ನಕ್ಕಳು.

ನಾನು ಮೂಗಿನ ಬಟ್ಟೆ ಬಿಚ್ಚಿದೆ. ಬಾಗಿ ಉಸಿರು ಎಳೆದುಕೊಂಡೆ. ಅದೇ. ಮನೆಯಲ್ಲಿದ್ದದ್ದು ಇದೇ, ಇಲ್ಲಿ ಹತ್ತು ಪಟ್ಟು. ಕಣ್ಣಿನಲ್ಲಿ ನೀರು ಬಂತು, ಎದೆ ಹಿಡಿದುಕೊಂಡಿತು. ನನ್ನ ಎದೆ ಗಟ್ಟಿಮುಟ್ಟಾದದ್ದು.

ಅವಳ ನಗು ನಿಂತಿತು. ಒಂದು ಚಿಟಿಕೆ ಬೂದಿಯನ್ನು ಗಾಜಿನ ನಳಿಕೆಗೆ ಹಾಕಿ, ಕಾಸ್ಟಿಕ್ ಬೆರೆಸಿ, ಬಿಸಿ ಮಾಡಿ, ನಳಿಕೆಯ ಬಾಯಿಗೆ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ಹಿಡಿದಳು. ನೋಡುತ್ತಿದ್ದಂತೆ ಅದು ನೀಲಿಯಾಯಿತು. ಅಮೋನಿಯಾ ಎಂದಳು. ಆಫೀಸಿಗೆ ಹೋಗಿ ಕಾಗದಗಳಲ್ಲಿ ಹುಡುಕಿದಳು. ಎರಡು ತಿಂಗಳ ಹಿಂದಿನ ಸುತ್ತೋಲೆ ಸಿಕ್ಕಿತು: ಹೊಸ ಚಿಮಣಿಯ ಹೊಗೆಯ ವಿಷ ಕಡಿಮೆ ಮಾಡಲು ಅದಕ್ಕೆ ಅಮೋನಿಯಾ ಸಿಂಪಡಿಸುತ್ತಿದ್ದೇವೆ, ಬೂದಿಯಲ್ಲಿ ಅದರ ಅಂಶ ಉಳಿಯಬಹುದು, ಬಳಸುವವರು ಪರೀಕ್ಷಿಸಿಕೊಳ್ಳಬೇಕು. ಸಹಿ ಹಾಕಿ ತೆಗೆದುಕೊಂಡು ಫೈಲಿಗೆ ಸೇರಿಸಿದ್ದರು. ಒಣ ಬೂದಿಯಲ್ಲಿ ಅದು ಉಪ್ಪಾಗಿ ಅಡಗಿರುತ್ತದೆ, ಕಾಸ್ಟಿಕ್ ತಾಕಿದರೆ ಆವಿಯಾಗಿ ಏಳುತ್ತದೆ ಎಂದು ವಿವರಿಸಿದಳು. ಬೂದಿ ನಯವಾದಷ್ಟೂ ಅಂಟಿಕೊಳ್ಳುವುದು ಹೆಚ್ಚು. ಕೊನೆ ಸಾಲಿನದರಲ್ಲಿ ಎಲ್ಲಕ್ಕಿಂತ ಹೆಚ್ಚು. ಬಯಲು ಶೆಡ್ಡಿನಲ್ಲಿ ಹಾರಿಹೋಗುತ್ತದೆ. ಮುಚ್ಚಿದ ಕಡೆ ದಪ್ಪಗೆ ಸುರಿದರೆ ವಾರಗಟ್ಟಲೆ ಬರುತ್ತಲೇ ಇರುತ್ತದೆ. ಇನ್ನು ಮೇಲೆ ಲಿಟ್ಮಸ್ ತೋರಿಸದೆ ಒಂದು ಲಾರಿಯೂ ಒಳಗೆ ಬರಬಾರದು ಎಂದು ಗೇಟಿನವರಿಗೆ ಹೇಳಲು ಹೋದಳು.

ನಾನು ಅವಳ ಡಬ್ಬಿಯಿಂದ ಒಂದು ಲಿಟ್ಮಸ್ ತೆಗೆದುಕೊಂಡು ಮನೆಗೆ ಬಂದೆ. ಒಳಕೋಣೆಯಲ್ಲಿ ಕುರ್ಚಿ ಹತ್ತಿ, ಕಾಗದ ಒದ್ದೆ ಮಾಡಿ ಹಲಗೆಯ ಸಂದಿಗೆ ಹಿಡಿದೆ. ಮೇಲೆ ಪ್ಲಾಸ್ಟಿಕ್ ಹಾಸಿ ಅಂಚು ಒತ್ತಿದ್ದೆವಲ್ಲ. ಆವಿಗೆ ಇದ್ದದ್ದು ಕೆಳಗಿನ ದಾರಿಯೊಂದೇ. ಕಾಗದ ನಿಧಾನವಾಗಿ, ಅಂಚಿನಿಂದ ನೀಲಿಯಾಯಿತು.

ಅದೇನು ಎಂದು ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು. ಕುರ್ಚಿಯ ಮೇಲೆ ನಿಂತುಕೊಂಡೇ ಎಲ್ಲ ಹೇಳಿದೆ. ಮುಗಿದ ಮೇಲೆ ಅವಳು ಮಂಚದ ತುದಿಯಲ್ಲಿ ಕೂತಳು.

"ಹಾಗಾದ್ರೆ ಅವರು ಮಾಡಿಕೊಂಡಿರಲಿಲ್ಲ."

"ಒಂದು ಸಲವೂ ಇಲ್ಲ."

ಅಮ್ಮ ಎದ್ದು ಕಿಟಕಿಯ ಎರಡೂ ಬಾಗಿಲು ತೆಗೆದಳು. ಬಿಸಿಗಾಳಿ ಒಳಗೆ ನುಗ್ಗಿತು.

"ಯಾರಿಗೂ ಹೇಳಬೇಡ," ಎಂದಳು. "ಹೋದವರಿಗೆ ಮಾನ ಕಟ್ಟಿಕೊಂಡು ಏನಾಗಬೇಕು. ಇರೋಳು ನೀನು. ಅಪ್ಪನ್ನ ಕೊಂದವಳು ಅಂತ ಜನ ನಿನ್ನ ಹಿಂದೆ ಹೇಳಿಕೊಂಡು ತಿರುಗೋದು ನನಗೆ ಬೇಡ."

ನಾನು ಆಯ್ತು ಎಂದೆ. ಅವತ್ತು ಆಯ್ತು ಎನ್ನುವುದು ಸುಲಭವಾಗಿತ್ತು.

ಮರುದಿನ ನೆರೆಮನೆಯ ಹೆಂಗಸೊಬ್ಬಳು ಬಂದಳು. ಅಮ್ಮ ಅದೇ ಕತೆ ಹೇಳಿದಳು. ಈ ಸಲ ಅಳಲಿಲ್ಲ. ಬಾಯಿಪಾಠ ಒಪ್ಪಿಸುವವಳಂತೆ, ಗೋಡೆ ನೋಡುತ್ತ ಹೇಳಿದಳು. ನನಗೋಸ್ಕರ ಹೇಳುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಅವಳೇ ಗಾದೆ ಹೇಳುವವಳು. ಇಲ್ಲಿ ಬರೆ ಹಾಕಿಸಿಕೊಂಡವರು ಸತ್ತೂ ಆಗಿತ್ತು, ನಾವು ಇನ್ನೂ ಹಾಕುತ್ತಲೇ ಇದ್ದೆವು.

ಭಾನುವಾರ ಸಲಾಕೆ ಮಾಮ ಬಂದರು. ಅಪ್ಪ ಹೋದಾಗ ಅವರೂ ಜ್ವರ ಬಂದು ಮಲಗಿದ್ದರು, ಬರಲಾಗಿರಲಿಲ್ಲ. ಹೊಸ್ತಿಲ ಮೇಲೆ ಕೂತು ಮೂರು ಸಲ ಉಸಿರು ಎಳೆದುಕೊಂಡ ಮೇಲೆಯೇ ಒಳಗೆ ಬಂದರು. ಅಮ್ಮ ಟೀ ಕೊಟ್ಟಳು. ಅದನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು.

"ಬಹಳ ಒದ್ದಾಡಿದ್ರಾ ತಂಗಿ, ಮೇಷ್ಟ್ರು?"

ಅಮ್ಮ ನನ್ನ ಕಡೆ ನೋಡಿದಳು. "ಹಿಡಿತ ಹೋಗಿತ್ತು ಅಣ್ಣಾ," ಎಂದಳು. "ಹಾಸಿಗೇಲೇ ಆಗ್ತಿತ್ತು. ಕೇಳಿದ್ರೆ ನಾನಲ್ಲ ಅಂತಿದ್ರು."

ಮಾಮ ತಲೆ ತಗ್ಗಿಸಿದರು. ಹಾಪರುಗಳ ಕೆಳಗೆ ಹತ್ತು ತಾಸು ನಿಂತರೂ ಮೇಷ್ಟ್ರು ಪಾಳಿ ಮುಗಿಯುವವರೆಗೆ ಪಾಯಿಖಾನೆಗೆ ಇಳಿದದ್ದನ್ನು ತಾನು ನೋಡಿಲ್ಲ ಎಂದರು. ಉಳಿದವರೆಲ್ಲ ಕಂಬದ ಮರೆಗೆ ಹೋದರೆ, ಕೆಲಸ ಮಾಡುವ ಜಾಗದಲ್ಲಿ ಅಸಹ್ಯ ಮಾಡಬೇಡಿ ಎಂದು ಬೈಯುತ್ತಿದ್ದರಂತೆ. ಅದಕ್ಕೆ ಹುಡುಗರೆಲ್ಲ ಮೇಷ್ಟ್ರ ಒಳಗಿರುವುದೂ ಹಾಪರೇ, ಕಟ್ಟಿಕೊಂಡರೆ ಸಲಾಕೆ ಹಾಕಿ ಎಂದು ನಗುತ್ತಿದ್ದರಂತೆ. ಹೇಳುತ್ತ ಮಾಮನೂ ಸ್ವಲ್ಪ ನಕ್ಕರು, ಆಮೇಲೆ ಗಲ್ಲ ಒರೆಸಿಕೊಂಡರು. ಅಂಥವರಿಗೆ ಈ ಗತಿ ಬರಬಾರದಿತ್ತು ಎಂದರು.

ಎದ್ದು ಒಳಕೋಣೆಯ ಬಾಗಿಲಿಗೆ ಹೋಗಿ ಅಟ್ಟ ನೋಡಿದರು.

"ಕಿಟಕಿ ತೆಗೆದಿದ್ರೂ ತಂಪಾಗಿದೆಯಲ್ಲ. ನಾಲ್ಕು ದಿನ ಅಷ್ಟಾದ್ರೂ ಸುಖ ಕಂಡ್ರು." ನನ್ನ ಕಡೆ ತಿರುಗಿದರು. "ನಮ್ಮನೆಗೂ ಒಂದು ಮಾಡಿಕೊಡು ಮಗಾ. ನನ್ನ ಎದೆಯೂ ಈ ಬೇಸಿಗೆ ತಡೆಯಲ್ಲ. ಬೂದಿ ಮಾತ್ರ ಮೇಷ್ಟ್ರು ಆರಿಸಿದ್ದೇ ತಾ."

ಅವಳಿಗೆ ಈಗ ಬಿಡುವಿಲ್ಲ ಅಣ್ಣಾ ಎಂದು ಅಮ್ಮ ನಡುವೆ ಬಂದಳು. ಬಿಡುವಾದಾಗ ಮಾಡಲಿ, ಅವಸರವೇನಿಲ್ಲ ಎಂದರು ಮಾಮ. ಬಿಡುವು ಸಿಗುವುದೇ ಇಲ್ಲ ಎಂದಳು ಅಮ್ಮ. ಅವಳು ಹೇಳಿದ ರೀತಿಗೆ ಮಾಮನ ಮುಖ ಸಣ್ಣದಾಯಿತು. ಬೇಡದವರ ಮನೆಗೆ ಬಂದೆನೇನೋ ಎಂಬಂತೆ ಟೀ ಲೋಟ ಕೆಳಗಿಟ್ಟರು.

"ಮಾಮ," ಎಂದೆ. "ಅಪ್ಪ ಹಾಸಿಗೆ ಒದ್ದೆ ಮಾಡಿಕೊಂಡಿರಲಿಲ್ಲ. ಆ ವಾಸನೆ ಬೂದಿದು."

ಅಮ್ಮ ಸುಮ್ಮನಿರು ಎಂದಳು. ನಾನು ಸುಮ್ಮನಿರಲಿಲ್ಲ. ಚಿಮಣಿ, ಸುತ್ತೋಲೆ, ಕಾಸ್ಟಿಕ್, ನಾನು ಹಾಕಿಸಿದ ಕಿಟಕಿ, ನಾನು ತಂದ ಡೈಪರ್, ಅವರು ಬಿಟ್ಟ ನೀರು, ಎಲ್ಲ ಹೇಳಿದೆ. ಮಾಮ ಗೋಡೆಗೆ ಒರಗಿದರು. ಅವತ್ತು ಅಟ್ಟದ ಮೇಲೆ ಆ ವಾಸನೆ ನನಗೂ ಬಂತು, ನಾನು ಬೆಕ್ಕು ಅಂದೆ ಎಂದು ತಮಗೆ ತಾವೇ ಹೇಳಿಕೊಂಡರು. ನನ್ನನ್ನು ಬೈಯಬಹುದೆಂದು ಕಾದೆ. ಬೈಯಲಿಲ್ಲ. ಒಂದೇ ಕೇಳಿದರು.

"ಮೇಷ್ಟ್ರಿಗೆ ಗೊತ್ತಾಯ್ತಾ?"

"ಇಲ್ಲ ಮಾಮ. ತಾನೇ ಮಾಡಿಕೊಂಡೆ ಅಂತ ಒಪ್ಪಿಕೊಂಡು ಹೋದ್ರು."

ಅವರು ಚಪ್ಪಲಿ ಹಾಕಿಕೊಂಡರು. ಅಮ್ಮನ 'ಹೋಗಿ ಬನ್ನಿ'ಗೆ ಕಾಯದೆ ಹೊರಟವರು, ಬೀದಿಗೆ ಇಳಿದು ನಿಂತು, ನಾಳೆ ಬೂದಿ ವಿಭಾಗದ ಹಳಬರು ನಾಲ್ಕು ಜನ ಬರುತ್ತಾರೆ, ಅವರಿಗೆ ಸರಿಯಾದದ್ದನ್ನೇ ಹೇಳಿ ಎಂದರು.

ನಾನು ಹೇಳಲ್ಲ ಎಂದಳು ಅಮ್ಮ, ಅವರು ತಿರುವು ದಾಟಿದ ಮೇಲೆ. ನನ್ನ ಮುಖ ನೋಡದೆ ಲೋಟ ಎತ್ತಿಕೊಂಡಳು. "ಬೈದವಳು ನಾನು. ಅದನ್ನೂ ಸೇರಿಸಿ ನೀನೇ ಹೇಳು."

ಮರುದಿನ ನಾಲ್ವರೂ ಬಂದರು. ಅಮ್ಮ ಅಡುಗೆಮನೆಯಿಂದ ಈಚೆ ಬರಲಿಲ್ಲ. ಮುಂದಿನ ಕೋಣೆಯ ಬೆಂಚಿನ ಮೇಲೆ ಅವರು ಸಾಲಾಗಿ ಕೂತರು, ನಾನು ನಿಂತುಕೊಂಡು ಹೇಳಿದೆ. ಅಮ್ಮ ಬೈದದ್ದನ್ನು ಬಿಟ್ಟೆ, ನಾನು ಮಾಡಿದ್ದನ್ನು ಬಿಡಲಿಲ್ಲ. ಮೂವರು ಕೇಳಿ ತಲೆ ಬಗ್ಗಿಸಿದರು. ನಾಲ್ಕನೆಯವರಿಗೆ ಯಂತ್ರಗಳ ಸದ್ದಿನಲ್ಲಿ ಕಿವಿ ಹೋಗಿತ್ತು. ಅವರು ಅಂಗೈಯನ್ನು ಕಿವಿಗೆ ಒಡ್ಡಿ, ಏನಂತೆ, ಏನಂತೆ ಎಂದು ಪಕ್ಕದವರನ್ನು ಕೇಳಿದರು. ಪಕ್ಕದವರು ನನ್ನ ಕಡೆ ನೋಡಿದರು. ಎಲ್ಲವನ್ನೂ ಮೊದಲಿನಿಂದ, ಬೀದಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕಾಯಿತು.